ಗಣಿತದ ದಿನ

ಬೆಳಗಿನಿಂದ ಅವಳಿಗೆ ನಗು ಬರುತ್ತಿತ್ತು. ಯಾಕೆ ಎಂದು ಯಾರಾದರೂ ಕೇಳಿದರೆ ಹೇಳುವುದಕ್ಕೆ ಕಾರಣವೇ ಇರಲಿಲ್ಲ. ಬಿಕ್ಕಳಿಕೆಯ ಹಾಗೆ ಹೊಟ್ಟೆಯ ತಳದಿಂದ ಎದ್ದು ಗಂಟಲಿಗೆ ಬರುವ, ತುಟಿ ಬಿಗಿಹಿಡಿದರೆ ಮೂಗಿನಿಂದ ಹೊರಟುಹೋಗುವ ನಗು. ಇಪ್ಪತ್ತೆರಡು ವರ್ಷ ಹನ್ನೊಂದನೇ ನಂಬರಿನ ಬಸ್ಸನ್ನು ಓಡಿಸಿದವಳು ಈವತ್ತು ಅದೇ ಹನ್ನೊಂದನೇ ನಂಬರಿನಲ್ಲಿ ಡ್ರೈವರಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ತೊಡೆಯ ಮೇಲೆ ಮಗಳ ಹಳೆಯ ಜಾಮಿಟ್ರಿ ಡಬ್ಬಿ, ಅದರ ಮೇಲೆ ಹಾಲ್ ಟಿಕೆಟ್ಟು, ಹಾಲ್ ಟಿಕೆಟ್ಟಿನಲ್ಲಿ ಪೊಲೀಸು ಹಿಡಿದು ತೆಗೆಸಿದಂತಿದ್ದ ಅವಳ ಫೋಟೋ. ಬಸ್ಸು ಆಸ್ಪತ್ರೆಯ ತಿರುವಿಗೆ ಬರುತ್ತಿದ್ದ ಹಾಗೆ ಅವಳ ಬಲಗಾಲು ತಾನಾಗಿಯೇ ನೆಲವನ್ನು ಒತ್ತಿತು. ಬಸ್ಸು ನಿಧಾನವಾಗಲಿಲ್ಲ. ಇನ್ನೊಂದಿಷ್ಟು ಒತ್ತಿದಳು. "ಅಕ್ಕಾ," ಎಂದ ಡ್ರೈವರು ಕನ್ನಡಿಯಲ್ಲಿ ನೋಡುತ್ತ, "ಬಸ್ಸು ನಾನು ಓಡಿಸ್ತಾ ಇದೀನಿ. ನೀವು ಲೆಕ್ಕ ಮಾಡ್ಕೊಳ್ಳಿ." ಸುತ್ತಲಿದ್ದ ನಾಲ್ಕು ಜನ ತಿರುಗಿ ನೋಡಿದರು. ಅವಳಿಗೆ ಕಿವಿ ಬಿಸಿಯಾಯಿತು, ಜೊತೆಗೇ ನಗುವೂ ಬಂತು. ಇಷ್ಟು ವರ್ಷ ಈ ಸೀಟಿನಲ್ಲಿ ಕೂತವರೆಲ್ಲ ತನ್ನ ಬೆನ್ನನ್ನು ನೋಡುತ್ತ ಹೀಗೇ ಪ್ರಾಣ ಕೈಯಲ್ಲಿ ಹಿಡಿದುಕೊಂಡಿದ್ದರೇ? ಒಬ್ಬರೂ ಹೇಳಲಿಲ್ಲವಲ್ಲ.

ಡಿಪೋದಲ್ಲಿ ಅವಳನ್ನು ಹಾರ್ನಕ್ಕ ಎನ್ನುತ್ತಿದ್ದರು, ಮೋಡ ಅಡ್ಡ ಬಂದರೂ ಹಾರ್ನ್ ಹೊಡೆಯುತ್ತಾಳೆ ಎಂದು. ಹೊಸ ಡ್ರೈವರುಗಳಿಗೆ ಪಾಠ ಹೇಳುವ ಕೆಲಸವೊಂದು ಖಾಲಿಯಾಗಿತ್ತು, ಅದು ಅವಳಿಗೇ ಎಂದು ಎಲ್ಲರೂ ಮಾತಾಡಿಕೊಂಡಿದ್ದರು, ಅವಳೂ ಅಂದುಕೊಂಡಿದ್ದಳು. ಆಮೇಲೆ ಆಫೀಸಿನವನು ಅರ್ಜಿಯ ಮೇಲೆ ಪೆನ್ನು ಓಡಿಸುತ್ತ ಒಂದು ಕಡೆ ನಿಂತು, "ಹೈಸ್ಕೂಲು ಸರ್ಟಿಫಿಕೇಟು?" ಎಂದು ಕೇಳಿದ. ಕೇಳಿದ್ದು ಮೆತ್ತಗೇ. ಆದರೆ ಹಿಂದೆ ಸಾಲಿನಲ್ಲಿ ಆರು ಜನರಿದ್ದರು. ದೊಡ್ಡವರಿಗೆಂದೇ ನಡೆಸುವ ಹೈಸ್ಕೂಲು ಪರೀಕ್ಷೆಯೊಂದಿದೆ, ಅದನ್ನು ಪಾಸು ಮಾಡಿದರೆ ಸಾಕು ಎಂದು ಅವನೇ ಹೇಳಿ, ಅವಳ ಪರವಾಗಿ ತಾನೇ ಅರ್ಜಿ ತರಿಸಿಕೊಟ್ಟ. ಹಾಗಾಗಿ ಇಡೀ ಡಿಪೋಕ್ಕೆ ಗೊತ್ತಾಯಿತು. ಭಾಷೆ, ಸಮಾಜ, ವಿಜ್ಞಾನ ಹಿಂದಿನ ಮೂರು ದಿನಗಳಲ್ಲಿ ಮುಗಿದಿದ್ದವು, ಹೇಗೋ ಏನೋ. ಈವತ್ತು ಗಣಿತ. ಆರು ತಿಂಗಳಿಂದ ಹದಿನೇಳು ವರ್ಷದ ಮಗಳು ಊಟದ ಮೇಜಿನ ಮುಂದೆ ಅವಳನ್ನು ಕೂರಿಸಿಕೊಂಡು, "ಅಮ್ಮ, ಮೈನಸ್ಸಿಗೆ ಮೈನಸ್ಸು ಗುಣಿಸಿದ್ರೆ ಏನು? ಮೊನ್ನೆ ಹೇಳಿದ್ನಲ್ಲ? ತಲೇಲಿ ಏನು ತುಂಬಿದೆ ನಿಂಗೆ?" ಎಂದು, ಅವಳು ಮಗಳಿಗೆ ಹೇಳುತ್ತಿದ್ದ ಅದೇ ಧಾಟಿಯಲ್ಲಿ, ಅದೇ ಹುಬ್ಬು ಗಂಟಿನಲ್ಲಿ ಬಯ್ಯುತ್ತಿದ್ದಳು. ಗಡಿಯಾರ ರಿಪೇರಿಯ ಗಂಡ ಪಕ್ಕದಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದ ಹೊಟ್ಟೆ ಬಗೆಯುತ್ತ, "ಅವಳ ತಪ್ಪಲ್ಲ ಕಣೇ, ಆ ಮೀಸೆ ಮೇಷ್ಟ್ರ ತಪ್ಪು," ಎನ್ನುತ್ತಿದ್ದ. ಮೀಸೆ ಮೇಷ್ಟ್ರು ಎಂದ ಕೂಡಲೇ ಅವಳು ಪುಸ್ತಕದ ಮೇಲೆ ಇನ್ನಷ್ಟು ಬಗ್ಗುತ್ತಿದ್ದಳು.

ಮೀಸೆ ಮೇಷ್ಟ್ರಿಗೆ ಮೀಸೆ ಇರಲಿಲ್ಲ. ಅದು ಅವಳ ಅಮ್ಮ ಸೇರಿಸಿದ್ದು. ಕತೆ ಹೀಗೆ: ಹದಿನೈದು ವರ್ಷದವಳಿದ್ದಾಗ ಹೈಸ್ಕೂಲಿನ ಕೊನೆಯ ಪರೀಕ್ಷೆ, ಗಣಿತದ ದಿನ, ಲೆಕ್ಕದ ಮೇಷ್ಟ್ರು ಸುಮ್ಮಸುಮ್ಮನೆ ಕಾಪಿ ಹೊಡೆದಳೆಂದು ಅವಳನ್ನು ಹಾಲಿನಿಂದ ಎಬ್ಬಿಸಿ ಓಡಿಸಿದರು. ಅವಳು ಅಳುತ್ತ ಮನೆಗೆ ಬಂದಳು. ಅಪ್ಪ, ಅಂಚೆ ಕಚೇರಿಯಲ್ಲಿ ಕವರುಗಳ ಮೇಲೆ ಮುದ್ರೆ ಒತ್ತುತ್ತಿದ್ದ ಅಪ್ಪ, ಕುರ್ಚಿಗೆ ಕಾಲು ತಗುಲಿದರೆ ಕುರ್ಚಿಯ ಹತ್ತಿರ ಕ್ಷಮೆ ಕೇಳುವಂಥ ಅಪ್ಪ, ಮಾರನೇ ದಿನ ಸ್ಕೂಲಿಗೆ ಹೋಗಿ ಎಲ್ಲ ಮಕ್ಕಳ ಎದುರಿಗೆ ಆ ಮನುಷ್ಯನ ನೀರಿಳಿಸಿದ. ಅಪ್ಪ ಜೀವಮಾನದಲ್ಲಿ ದನಿಯೆತ್ತಿದ್ದು ಅದೊಂದೇ ಸಲ. ಸಾಯುವ ತನಕ, ಮನೆಗೆ ಯಾರೇ ಬಂದರೂ, ಮಾತು ಎಲ್ಲಿಂದಲೇ ಹೊರಟರೂ ಅಲ್ಲಿಗೆ ತಂದು, "ನಾನು ಬಿಡಲಿಲ್ಲ ನೋಡಿ," ಎಂದು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಅವಳ ಮಗಳು ಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ 'ನನ್ನ ತಾಯಿಗಾದ ಅನ್ಯಾಯ' ಎಂದು ಮಾತಾಡಿ ಮೊದಲ ಬಹುಮಾನ ತಂದಿದ್ದಳು. ಆ ಭಾಷಣದಲ್ಲಿ ಮೀಸೆ ಕಿವಿಯವರೆಗೂ ಬೆಳೆದಿತ್ತು. ಬಹುಮಾನದ ಕಪ್ಪು ಟೀವಿಯ ಮೇಲಿತ್ತು. ಟೀವಿ ಹಾಕಿದಾಗಲೆಲ್ಲ ಅದು ಅವಳನ್ನು ನೋಡುತ್ತಿತ್ತು.

ಯಾರೂ ಅವಳನ್ನು ಓಡಿಸಿರಲಿಲ್ಲ. ಅವಳೇ ಎದ್ದು ಬಂದಿದ್ದಳು. ಪ್ರಶ್ನೆಪತ್ರಿಕೆಯ ಮೇಲೆ ಅಂಕಿಗಳು ಅಕ್ಕಿಯ ಹುಳುಗಳಂತೆ ಹರಿದಾಡುತ್ತಿದ್ದವು. ತೋಳಿಗೆ ಸೀಮೆಸುಣ್ಣ ಮೆತ್ತಿಕೊಂಡಿದ್ದ, ಸಣಕಲು, ನುಣ್ಣನೆ ಮುಖದ ಮೇಷ್ಟ್ರು ಬೆಂಚಿನ ಹತ್ತಿರ ಬಂದು ಬಗ್ಗಿ, "ಗೊತ್ತಿರೋದು ಮೊದಲು ಬರಿಯಮ್ಮ," ಎಂದಿದ್ದರು. ಅಷ್ಟೇ ಅವರು ಮಾಡಿದ್ದು. ಅರ್ಧ ಗಂಟೆಗೆ ಅವಳು ಖಾಲಿ ಹಾಳೆಗಳನ್ನು ಮಡಿಸಿ ಮೇಜಿನ ಮೇಲಿಟ್ಟು ಹೊರಟುಹೋದಳು. ಮಾರನೇ ದಿನ ಅಪ್ಪ ಕೂಗುತ್ತಿದ್ದಾಗ ಅವಳು ಅಪ್ಪನ ಮೊಣಕೈಯ ಹಿಂದೆ ನಿಂತಿದ್ದಳು. ಮೇಷ್ಟ್ರು ಕೈಯಲ್ಲಿ ಬೋರ್ಡಿನ ಮೇಲೆ ವೃತ್ತ ಬರೆಯುವ ಮರದ ಕೈವಾರ ಹಿಡಿದುಕೊಂಡು ಅಪ್ಪನನ್ನು ನೋಡಲಿಲ್ಲ, ಅವಳನ್ನು ನೋಡಿದರು. ನಿಜ ಹೇಳಬಹುದಿತ್ತು. ಹೇಳಲಿಲ್ಲ. "ಆಗಲಿ," ಎಂದರು. ಯಾವುದಕ್ಕೆ ಆಗಲಿ? ರಜೆ ಮುಗಿದ ಮೇಲೆ ಅವರು ಆ ಸ್ಕೂಲಿನಲ್ಲಿ ಇರಲಿಲ್ಲ. ತಾವೇ ಕೇಳಿಕೊಂಡು ಹೋದರು ಎಂದರು ಕೆಲವರು, ಕಳಿಸಿದರು ಎಂದರು ಕೆಲವರು. ಯಾವುದು ನಿಜ ಎಂದು ಅವಳು ವಿಚಾರಿಸಲಿಲ್ಲ. ಎರಡನೆಯದೇ ನಿಜ ಎಂದಾಗಿಬಿಟ್ಟರೆ?

ಪರೀಕ್ಷಾ ಕೇಂದ್ರ ಒಂದು ಹುಡುಗರ ಸ್ಕೂಲು. ಬೆಂಚುಗಳು ಹನ್ನೆರಡು ವರ್ಷದವರ ಮೊಣಕಾಲಿಗೆ ಮಾಡಿದಂಥವು. ಅವಳು ಕೂರುವಾಗ ಮೊದಲು ಒಂದು ಕಾಲು, ಆಮೇಲೆ ಸೊಂಟ, ಆಮೇಲೆ ಇನ್ನೊಂದು ಕಾಲು, ಹೀಗೆ ಕಂತುಕಂತಾಗಿ ಒಳಗೆ ಹೋಗಬೇಕಾಯಿತು. ಬಾಗಿಲಲ್ಲಿ ಜವಾನ, "ಮಕ್ಕಳನ್ನ ಬಿಟ್ಟು ತಂದೆತಾಯಿ ಹೊರಗೆ ನಿಲ್ಲಬೇಕು," ಎಂದಿದ್ದ, ಹಾಲ್ ಟಿಕೆಟ್ಟು ತೋರಿಸಿದಾಗ ಫೋಟೋವನ್ನೂ ಅವಳನ್ನೂ ಮೂರು ಸಲ ನೋಡಿ, "ಓಹೋ, ನೀವೇನಾ ಮಗು?" ಎಂದು ಒಳಗೆ ಬಿಟ್ಟಿದ್ದ. ಪಕ್ಕದ ಬೆಂಚಿನಲ್ಲಿ ಅರವತ್ತರ ಹತ್ತಿರದ ಒಬ್ಬ ಗಾರೆ ಕೆಲಸದವರು. ಮೂರು ದಿನದಿಂದ ಪರಿಚಯ. ಅವರು ಬಂದ ಕೂಡಲೇ ಬೆಂಚಿನ ಉದ್ದ ಅಗಲವನ್ನು ಗೇಣಿನಲ್ಲಿ ಅಳೆದು, ಒಂದು ಮೂಲೆಯ ಮೇಲೆ ಕಣ್ಣಿಟ್ಟು, "ಈ ಗೋಡೆ ಒಂದು ಬೆರಳು ವಾಲಿದೆ," ಎಂದು ತಲೆಯಾಡಿಸುತ್ತಿದ್ದರು. "ನಿಮಗ್ಯಾಕಣ್ಣ ಈ ವಯಸ್ಸಲ್ಲಿ ಪರೀಕ್ಷೆ?" ಎಂದು ಮೊದಲ ದಿನ ಅವಳು ಕೇಳಿದಾಗ, "ಕಟ್ಟಿದ್ದು ಹದಿನಾರು ಸ್ಕೂಲು ಕಣಕ್ಕ. ಒಂದರಿಂದಾದರೂ ಪಾಸಾಗಿ ಹೊರಗೆ ಬರೋಣ ಅಂತ," ಎಂದಿದ್ದರು. ಆ ಮಾತು ನೆನಪಾಗಿ ಈಗ ಮತ್ತೆ ನಗು ಬಂತು. ಹಾಲಿನ ಮೇಲ್ವಿಚಾರಣೆಗೆ ಬಂದಿದ್ದವಳು ದಪ್ಪ ಕನ್ನಡಕದ ಒಬ್ಬ ಹುಡುಗಿ, ಹೊಸದಾಗಿ ಟೀಚರು ಕೆಲಸಕ್ಕೆ ಸೇರಿದವಳಿರಬೇಕು. ಉತ್ತರಪತ್ರಿಕೆ ಹಂಚುವಾಗ ಎರಡೆರಡು ಸಲ ಎಣಿಸುತ್ತಿದ್ದಳು. ಇವಳಿಗೂ ಇದು ಪರೀಕ್ಷೆಯೇ, ಎಂದುಕೊಂಡಳು ಹಾರ್ನಕ್ಕ, ಮತ್ತು ಅವಳ ಮೇಲೆ ಏನೋ ಅಕ್ಕರೆ ಉಕ್ಕಿತು.

ಪ್ರಶ್ನೆಪತ್ರಿಕೆ ಬಂತು. ಅಂಕಿಗಳು ಹರಿದಾಡುತ್ತವೆಯೋ ಎಂದು ಕಣ್ಣು ಕಿರಿದು ಮಾಡಿ ನೋಡಿದಳು. ಹರಿದಾಡಲಿಲ್ಲ. ಇದ್ದಲ್ಲೇ ಇದ್ದವು, ಸಿಗ್ನಲ್ಲಿನಲ್ಲಿ ನಿಂತ ಗಾಡಿಗಳಂತೆ, ಸ್ವಲ್ಪ ಗುರುಗುಡುತ್ತ. ಮೊದಲ ಮೂರು ಬಂದವು. ನಾಲ್ಕು ಬರಲಿಲ್ಲ, ಐದು ಬಂದಂತಾಗಿ ಕೈಕೊಟ್ಟಿತು, ಆರನ್ನು ಓದಿದಳು, ಅರ್ಥವಾಗಲಿಲ್ಲ, ಮರ್ಯಾದೆಯಿಂದ ಬಿಟ್ಟಳು. ಏಳನೆಯದು ಹೀಗಿತ್ತು: ಒಂದು ಬಸ್ಸು ಬೆಳಿಗ್ಗೆ ಒಂಬತ್ತು ಗಂಟೆಗೆ ಹೊರಟು ಎಲ್ಲೂ ನಿಲ್ಲದೆ ಗಂಟೆಗೆ ನಲವತ್ತು ಕಿಲೋಮೀಟರು ವೇಗದಲ್ಲಿ ಹೋಗುತ್ತದೆ. ಇನ್ನೊಂದು ಬಸ್ಸು ಒಂಬತ್ತೂವರೆಗೆ ಅದೇ ಜಾಗದಿಂದ ಹೊರಟು, ಅದೇ ದಾರಿಯಲ್ಲಿ, ಎಲ್ಲೂ ನಿಲ್ಲದೆ ಗಂಟೆಗೆ ಅರವತ್ತು ಕಿಲೋಮೀಟರು ವೇಗದಲ್ಲಿ ಹೋದರೆ, ಮೊದಲ ಬಸ್ಸನ್ನು ಎಷ್ಟು ಗಂಟೆಗೆ ಹಿಡಿಯುತ್ತದೆ?

ಎಲ್ಲೂ ನಿಲ್ಲದೆ! ಒಂಬತ್ತು ಗಂಟೆಯ ಬಸ್ಸು! ಆಸ್ಪತ್ರೆಯ ತಿರುವಿನಲ್ಲಿ ಕೋಲೂರಿಕೊಂಡು ಅಡ್ಡ ಬರುವ ಮುದುಕ, ಬಾಗಿಲಲ್ಲಿ ಜೋತುಬಿದ್ದ ಕಾಲೇಜು, ಚಿಲ್ಲರೆ ಹುಡುಕುತ್ತ ಮೆಟ್ಟಿಲ ಮೇಲೇ ಸಂಸಾರ ಹೂಡುವ ಹೆಂಗಸು, ಇವರನ್ನೆಲ್ಲ ಏನು ಮಾಡಿದ ಈ ಡ್ರೈವರು? ಹಿಂದಿನವನಂತೂ ಊರೊಳಗೆ ಅರವತ್ತರಲ್ಲಿ ಹೊಡೆದುಕೊಂಡು ಬರುತ್ತಿದ್ದಾನೆ, ಅವನ ಲೈಸೆನ್ಸು ಕಿತ್ತುಕೊಳ್ಳುವವರು ಯಾರೂ ಇಲ್ಲವೇ? ನಗು ಈ ಸಲ ತುಟಿಗೂ ಮೂಗಿಗೂ ಹೇಳದೆ ಹೊರಗೆ ಬಂತು. ಅಷ್ಟು ಹೊತ್ತು ಪೆನ್ನಿನ ಕರಕರ ಬಿಟ್ಟರೆ ಸದ್ದಿಲ್ಲದ ಹಾಲಿನಲ್ಲಿ ಅದು ನಿಜವಾಗಿಯೂ ಹಾರ್ನಿನ ಹಾಗೇ ಕೇಳಿಸಿತು. ಗಾರೆಯವರು ಬೆಚ್ಚಿ ಸ್ಕೇಲು ಬೀಳಿಸಿದರು. ಅದೇ ನಗುವಿನ ಬಾಲದಲ್ಲಿ, ಕೇಳದೇನೇ, ಇನ್ನೊಂದು ನೆನಪು ಬಂದು ಕೂತಿತು. ಒಂಬತ್ತು ವರ್ಷದ ಹಿಂದೆ, ಗ್ರಂಥಾಲಯದ ಸ್ಟಾಪಿನಲ್ಲಿ, ಬಿಸಿಲಿಗೆ ಒಂದು ಕೈ ಅಡ್ಡ ಹಿಡಿದುಕೊಂಡು ಒಬ್ಬ ಸಣಕಲು ಮುದುಕ ಬಸ್ಸಿಗೆ ಕೈ ತೋರಿಸಿದ್ದರು. ನುಣ್ಣನೆಯ ಮುಖ. ಲೆಕ್ಕದ ಮೇಷ್ಟ್ರೆಂದು ಅವಳಿಗೆ ನೂರು ಮಾರು ದೂರದಿಂದಲೇ ಗೊತ್ತಾಗಿತ್ತು. ಕಾಲು ಬ್ರೇಕಿನ ಮೇಲಿತ್ತು. ಆಮೇಲೆ ಇರಲಿಲ್ಲ. ಬಸ್ಸು ನಿಲ್ಲದೆ ಹೋಯಿತು, ಕನ್ನಡಿಯಲ್ಲಿ ಅವರು ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ಸಣ್ಣಗಾಗುತ್ತ ಹೋದರು. ಇಪ್ಪತ್ತೆರಡು ವರ್ಷದಲ್ಲಿ ಕೈ ತೋರಿಸಿದವರನ್ನು ಬಿಟ್ಟು ಹೋದದ್ದು ಆ ಒಂದೇ ಸಲ. ಬದುಕಿದ್ದಾರೋ ಇಲ್ಲವೋ. ಬದುಕಿದ್ದರೆ ಎಪ್ಪತ್ತೈದೋ ಎಂಬತ್ತೋ.

"ಏನು ಸದ್ದು ಅಲ್ಲಿ?" ಕನ್ನಡಕದ ಹುಡುಗಿ ಬಂದು ನಿಂತಿದ್ದಳು. "ಯಾಕೆ ನಗ್ತಿದೀರ?"

"ಬಸ್ಸು," ಎಂದಳು ಇವಳು ಕಣ್ಣೊರೆಸಿಕೊಳ್ಳುತ್ತ. "ಎಲ್ಲೂ ನಿಲ್ಲಲ್ವಂತೆ."

ಕಣ್ಣೊರೆಸಿದ್ದು ಎಡಗೈಯಲ್ಲಿ. ಹುಡುಗಿಯ ಮುಖ ಬಿಳಿಚಿತು. "ಕೈ ತೋರಿಸಿ."

ಎಡಗೈಯ ಅಂಗೈಯಲ್ಲಿ ನೀಲಿ ಪೆನ್ನಿನಿಂದ ಬರೆದಿತ್ತು: 11, 6.40, 212. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಡಿಪೋದಿಂದ ಫೋನು ಬಂದಾಗ ಹತ್ತಿರ ಕಾಗದವಿರಲಿಲ್ಲ. ಮಾರನೇ ದಿನದ ಪಾಳಿ: ಹನ್ನೊಂದನೇ ರೂಟು, ಆರು ನಲವತ್ತಕ್ಕೆ ಹೊರಡುವುದು, ಇನ್ನೂರ ಹನ್ನೆರಡನೇ ಗಾಡಿ. ಇಪ್ಪತ್ತೆರಡು ವರ್ಷದಿಂದ ಅವಳು ಅಂಗೈಯಲ್ಲೇ ಬರೆದುಕೊಳ್ಳುವುದು. ಗಂಡ ಅದನ್ನು ಅವಳ ಹಸ್ತರೇಖೆ ಎನ್ನುತ್ತಿದ್ದ. ಇದನ್ನೆಲ್ಲ ಹೇಳಬೇಕೆಂದು ಬಾಯಿ ತೆರೆದಳು. ಬಂದದ್ದು ಮತ್ತೆ ನಗು. ಯಾಕೆಂದರೆ ಆಗ ಅವಳಿಗೆ ಹೊಳೆದಿತ್ತು: ಮೂವತ್ತೊಂದು ವರ್ಷದ ಹಿಂದೆ ತಾನು ಹುಟ್ಟಿಸಿದ ಸುಳ್ಳು ಅಲ್ಲಿ ಇಲ್ಲಿ ಅಲೆದು, ದಾರಿ ಕೇಳಿಕೊಂಡು, ತಡವಾಗಿಯಾದರೂ ಸರಿಯಾದ ವಿಳಾಸಕ್ಕೆ ಬಂದು ಬಾಗಿಲು ತಟ್ಟುತ್ತಿದೆ. ಮಾಡದ ಕಾಪಿಗೆ, ಗಣಿತದ ದಿನ, ಎಲ್ಲರ ಎದುರಿಗೆ, ಎಬ್ಬಿಸುತ್ತಿದ್ದಾರೆ. "ಏಳಿ. ಹೊರಗೆ ಬನ್ನಿ," ಎನ್ನುತ್ತಿದ್ದಳು ಹುಡುಗಿ. ಏಳುವುದೂ ಕಂತುಕಂತಾಗಿಯೇ ಆಗಬೇಕಿತ್ತು: ಒಂದು ಕಾಲು, ಸೊಂಟ, ಬೆಂಚು ಜೊತೆಗೇ ಎದ್ದುಬಂತು. ಗಾರೆಯವರು ಬೆಂಚನ್ನು ಹಿಡಿದುಕೊಂಡು, "ಮೇಡಂ, ಅಕ್ಕ ಅಂಥವರಲ್ಲ. ಮೂರನೇ ಲೆಕ್ಕ ನಾನೇ ಎರಡು ಸಲ ಸನ್ನೆ ಮಾಡಿ ಕೇಳಿದೆ, ಹೇಳಲೇ ಇಲ್ಲ," ಎಂದರು. ಇದರಿಂದ ಸಹಾಯವಾಗಲಿಲ್ಲ.

ಸೂಪರಿಂಟೆಂಡೆಂಟರ ಕೋಣೆಯಲ್ಲಿ ಉತ್ತರಪತ್ರಿಕೆಯ ಕಟ್ಟುಗಳು, ಒಂದು ಗ್ಲೋಬು, ಮತ್ತು ಕುರ್ಚಿಯಲ್ಲಿ ಬೋಳುತಲೆಯ ದಪ್ಪ ಮನುಷ್ಯ. ಅವರು ಅಂಗೈಯನ್ನು ನೋಡಲಿಲ್ಲ, ಮುಖವನ್ನೇ ನೋಡಿದರು. "ನೀವು ಹನ್ನೊಂದನೇ ನಂಬರಿನವರಲ್ವಾ? ಹೋದ ವರ್ಷ ನನ್ನ ಕೊಡೆ ಬಾಗಿಲಿಗೆ ಸಿಕ್ಕಾಕಿಸಿಕೊಂಡು ಎರಡು ಸ್ಟಾಪು ಹೋಗಿದ್ದು ನೀವೇ." ಅವಳು ಹೌದೆಂದಳು. ಸತ್ಯ ಹೇಳಲು ಇಂಥ ಸಂದರ್ಭವೇ ಬೇಕಿತ್ತೇ ಎಂದುಕೊಂಡಳು. ಅಂಗೈಯ ಅಂಕಿಗಳೇನೆಂದು ವಿವರಿಸಿದಳು. ಅವರು ಡಿಪೋಕ್ಕೆ ಫೋನು ಮಾಡಿ, ಎಲ್ಲರಿಗೂ ಕೇಳಲಿ ಎಂದು ಸ್ಪೀಕರು ಹಾಕಿದರು.

"ನಾಳೆ ಹಾರ್ನಕ್ಕನ ಡ್ಯೂಟಿನಾ?" ಎಂದಿತು ಪಾಳಿ ಹಂಚುವವನ ದನಿ. "ಹನ್ನೊಂದು, ಆರು ನಲವತ್ತು, ಇನ್ನೂರ ಹನ್ನೆರಡು. ಯಾಕೆ ಸಾರ್, ಏನಾಯ್ತು? ಗುದ್ದಿದಳಾ?"

"ಇಲ್ಲಪ್ಪ. ಪರೀಕ್ಷೆ ಹಾಲಲ್ಲಿ ಕೈ ಮೇಲೆ ಬರೆದಿತ್ತು ಅಂತ..."

ಆ ಕಡೆಯ ದನಿ ಫೋನಿನಿಂದ ದೂರ ತಿರುಗಿ, ಇಡೀ ವರ್ಕ್‌ಶಾಪಿಗೆ ಕೇಳುವಂತೆ, "ಲೋ, ಅಕ್ಕ ಕಾಪಿ ಹೊಡೆದು ಸಿಕ್ಕಿಬಿದ್ದಿದಾಳಂತೆ ಕಣ್ರೋ!" ಎಂದು ಕೂಗಿತು. ಸ್ಪ್ಯಾನರುಗಳು ಬಿದ್ದ ಸದ್ದು, ಶಿಳ್ಳೆ, ಯಾರೋ ಬಸ್ಸಿನ ಹಾರ್ನನ್ನೇ ಉದ್ದಕ್ಕೆ ಒತ್ತಿದ್ದು, ಎಲ್ಲವೂ ಆ ಸಣ್ಣ ಕೋಣೆಯಲ್ಲಿ ತುಂಬಿತು. ಸೂಪರಿಂಟೆಂಡೆಂಟರು ಫೋನು ಇಟ್ಟರು. ಅವಮಾನವಾಗಬೇಕಿತ್ತು. ಆಯಿತು ಕೂಡ. ಆದರೆ ಅದೂ ಕಚಗುಳಿಯ ಹಾಗೇ ಆಯಿತು. ಅವಳು ಗ್ಲೋಬನ್ನು ನೋಡುತ್ತ ಕೆನ್ನೆಯ ಒಳಭಾಗವನ್ನು ಕಚ್ಚಿಕೊಂಡಳು.

"ತಪ್ಪು ನಮ್ಮದೇ," ಎಂದರು ಅವರು ಕೊನೆಗೆ. "ಇಪ್ಪತ್ತೈದು ನಿಮಿಷ ಹೋಯ್ತು ನಿಮ್ಮದು. ಮನಸ್ಸೂ ಕೆಟ್ಟಿರುತ್ತೆ. ಬೇಕಾದ್ರೆ ಈ ಪೇಪರು ಬಿಟ್ಟುಬಿಡಿ. ನಿಮ್ಮನ್ನ ತಪ್ಪಾಗಿ ಎಬ್ಬಿಸಿದ್ವಿ ಅಂತ ನಾನು ಲೆಟರು ಬರೆದುಕೊಡ್ತೀನಿ, ಸೀಲು ಹಾಕಿ. ಮುಂದಿನ ಸಲ ಬಂದು ಬರೀಬಹುದು."

ಸೀಲು ಹಾಕಿ. ಅವಳು ಬಾಗಿಲ ಕಡೆ ನೋಡಿದಳು. ಕಾರಿಡಾರಿನ ಆಚೆ ಬಿಸಿಲು ಬಿದ್ದ ಅಂಗಳ, ಅಂಗಳದ ಆಚೆ ಗೇಟು, ಗೇಟಿನ ಆಚೆ ಯಾವುದೋ ಬಸ್ಸು ಉಸ್ಸೆಂದು ಬಾಗಿಲು ಮುಚ್ಚಿಕೊಂಡು ಹೊರಟಿತು. ಎಷ್ಟು ಸುಲಭ. ನಾಲ್ಕು, ಐದು, ಆರು ಯಾವುದೂ ಬೇಡ. ಮನೆಗೆ ಹೋಗಿ ಕಾಗದ ಮೇಜಿನ ಮೇಲಿಟ್ಟರೆ ಮಗಳು ಇನ್ನೊಂದು ಭಾಷಣ ಮಾಡುತ್ತಾಳೆ. ಈ ಸಲ ಒಂದಕ್ಷರವೂ ಸುಳ್ಳಿಲ್ಲ. ಅಷ್ಟೇ ಅಲ್ಲ: ಹೊಸ ನಿಜ ಹಳೆಯ ಸುಳ್ಳಿಗೆ ಮುಚ್ಚಳವಾಗಿ ಕೂರುತ್ತದೆ, ಇನ್ನು ಮೇಲೆ 'ಪರೀಕ್ಷೆಯಲ್ಲಿ ನನ್ನನ್ನು ಎಬ್ಬಿಸಿದ್ದರು' ಎಂದಾಗ ಅವಳು ಕಣ್ಣು ತಪ್ಪಿಸಬೇಕಾಗಿಲ್ಲ, ಯಾವ ಪರೀಕ್ಷೆ ಎಂದು ಯಾರು ಕೇಳುತ್ತಾರೆ? ಕಾಲು ಆಗಲೇ ಅರ್ಧ ಹೆಜ್ಜೆ ಎತ್ತಿತ್ತು. ಆಗ ಮೂಗು ಸೇದಿದ ಸದ್ದು ಕೇಳಿ ತಿರುಗಿದಳು. ಕನ್ನಡಕದ ಹುಡುಗಿ ಗೋಡೆಗೆ ಅಂಟಿ ನಿಂತು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಿದ್ದಳು. ಕನ್ನಡಕವಿಲ್ಲದೆ ಅವಳ ಮುಖ ನುಣ್ಣಗೆ, ಗುರುತಿಲ್ಲದ ಹಾಗೆ ಕಂಡಿತು.

"ಲೆಟರಲ್ಲಿ ನನ್ನ ಹೆಸರು ಬರೀಬೇಕಾಗುತ್ತಾ ಸಾರ್?" ಎಂದು ಅವಳು ಕೇಳಿದಳು. "ಇದು ನನ್ನ ಮೊದಲನೇ ತಿಂಗಳು."

ಸೂಪರಿಂಟೆಂಡೆಂಟರು ತಲೆ ತಗ್ಗಿಸಿ ಕಾಗದಗಳನ್ನು ಜೋಡಿಸಿದರು. ಅಂದರೆ ಬರೆಯಬೇಕಾಗುತ್ತದೆ.

"ಲೆಟರು ಬೇಡ," ಎಂದಳು ಹಾರ್ನಕ್ಕ. ಹೇಳಿದ ಮೇಲೆ ಹೇಳಿದ್ದು ತಾನೇ ಎಂದು ಗೊತ್ತಾಯಿತು. "ಇಪ್ಪತ್ತೈದು ನಿಮಿಷ ಕೊಡಿ. ಅಷ್ಟೇ ಸಾಕು." ಆಮೇಲೆ ಹುಡುಗಿಯ ಕಡೆ ತಿರುಗಿ, "ಬನ್ನಿ ಮೇಡಂ. ನಾನೊಬ್ಬಳೇ ಆ ಬೆಂಚಿನೊಳಗೆ ಹೋಗೋಕೆ ಆಗಲ್ಲ, ಹಿಡ್ಕೋಬೇಕು ನೀವು," ಎಂದಳು.

ಮುಂದಿನ ಒಂದೂಮುಕ್ಕಾಲು ಗಂಟೆ ಹೇಗೆ ಹೋಯಿತೆಂದು ಅವಳಿಗೆ ಆಮೇಲೆ ಯಾರಿಗೂ ಸರಿಯಾಗಿ ಹೇಳಲಾಗಲಿಲ್ಲ. ಕುಡಿದಿದ್ದೆನೇನೋ ಅನ್ನಿಸಿತು. ಏಳನೆಯ ಲೆಕ್ಕಕ್ಕೆ ಅವಳು ಪುಸ್ತಕದ ದಾರಿ ಹಿಡಿಯಲಿಲ್ಲ. ಮೊದಲ ಬಸ್ಸಿನಲ್ಲಿ ತಾನೇ ಕೂತಳು, ಅರ್ಧ ಗಂಟೆಯಲ್ಲಿ ಇಪ್ಪತ್ತು ಕಿಲೋಮೀಟರು ಬಂದಳು, ಕನ್ನಡಿಯಲ್ಲಿ ನೋಡಿದಳು, ಹಿಂದಿನವನು ಪ್ರತಿ ಗಂಟೆಗೂ ಇಪ್ಪತ್ತಿಪ್ಪತ್ತು ಕಿಲೋಮೀಟರು ಹತ್ತಿರ ಬರುತ್ತಿದ್ದಾನೆ, ಹಾಗಾದರೆ ಒಂದು ಗಂಟೆ, ಹತ್ತೂವರೆಗೆ ಸರಿಯಾಗಿ ಅವನು ಪಕ್ಕಕ್ಕೆ ಬಂದ, ಅವಳು ಕಿಟಕಿಯಿಂದ ಕೈಬೀಸಿದಳು. ಬರೆದಳು. ನಾಲ್ಕಕ್ಕೆ ವಾಪಸು ಬಂದಳು, ಅದು ಅರ್ಧ ಬಾಗಿಲು ತೆರೆಯಿತು. ತ್ರಿಕೋನ ಮೂರು ಸಲ ತಲೆಕೆಳಗಾಯಿತು. ಮೈನಸ್ಸಿಗೆ ಮೈನಸ್ಸು ಗುಣಿಸುವಲ್ಲಿ ಮಗಳ ಹುಬ್ಬು ಕಣ್ಣೆದುರು ಬಂದು, ಪ್ಲಸ್ಸು, ಪ್ಲಸ್ಸು ಎಂದು ಬಾಯಲ್ಲೇ ಅಂದಳು. ಆರನೆಯದನ್ನು ಮತ್ತೆ ಓದಿದಳು, ಮತ್ತೆ ಅರ್ಥವಾಗಲಿಲ್ಲ, ಆದರೂ ಎರಡು ಸಾಲು ಬರೆದಳು, ಎದುರು ಸಿಕ್ಕವರಿಗೆ ನಮಸ್ಕಾರ ಹೇಳಿದ ಹಾಗೆ. ಆರು ವಾರಗಳ ಮೇಲೆ ಫಲಿತಾಂಶ ಬಂದಾಗ ಪಾಸಿಗೆ ಮೂವತ್ತೈದು ಬೇಕಿದ್ದಲ್ಲಿ ಅವಳಿಗೆ ಮೂವತ್ತೊಂಬತ್ತು ಬಂದಿತ್ತು, ಗಾರೆಯವರಿಗೆ ಎಂಬತ್ತೆರಡು. ಆದರೆ ಆಗ ಇದೇನೂ ಗೊತ್ತಿರಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ಖಾಲಿ ಹಾಲಿನಲ್ಲಿ ಅವಳೂ ಕನ್ನಡಕದ ಹುಡುಗಿಯೂ ಇಬ್ಬರೇ ಉಳಿದು, ಹುಡುಗಿ ಗಡಿಯಾರ ನೋಡಿ, "ಇನ್ನೂ ಎರಡು ನಿಮಿಷ ಇದೆ," ಎಂದು ಪಿಸುಗುಟ್ಟಿದಾಗ, ಆ ಎರಡು ನಿಮಿಷವನ್ನೂ ಬಿಡದೆ, ಬರೆಯುವುದೇನೂ ಇಲ್ಲದೆ, ಪೆನ್ನು ಹಿಡಿದು ಕೂತಿದ್ದಳು.

ಗೇಟಿನಲ್ಲಿ ಗಂಡನೂ ಮಗಳೂ ಕಾಯುತ್ತಿದ್ದರು. ಗಾರೆಯವರು ಮೊದಲೇ ಹೊರಗೆ ಬಂದು ಎಲ್ಲವನ್ನೂ ಹೇಳಿಬಿಟ್ಟಿದ್ದರು, ತಮ್ಮದೂ ಒಂದಿಷ್ಟು ಸೇರಿಸಿ. ಮಗಳ ಕಣ್ಣಲ್ಲಿ ನೀರು ತುಂಬಿತ್ತು. "ನಿಂಗೆ ಮತ್ತೆ ಅದೇ ಮಾಡಿದ್ರಾ ಅಮ್ಮ? ಎರಡನೇ ಸಲ?" ಗಂಡ ಕೈಗಡಿಯಾರ ಬಿಚ್ಚಿ ಮಗಳ ಕೈಗೆ ಕೊಟ್ಟ. ಹದಿನೆಂಟು ವರ್ಷದ ಸಂಸಾರದಲ್ಲಿ ಅವನು ಗಡಿಯಾರ ಬಿಚ್ಚಿದ್ದನ್ನು ಅವಳು ಸ್ನಾನಕ್ಕೆ ಬಿಟ್ಟರೆ ನೋಡಿರಲಿಲ್ಲ. ಆಮೇಲೆ ತೋಳು ಮಡಿಸಿ, ಸಣ್ಣ ಸ್ಕ್ರೂಗಳನ್ನು ಹಿಡಿದು ಹಿಡಿದು ಮೆತ್ತಗಾದ ಬೆರಳುಗಳನ್ನು ಮುಷ್ಟಿ ಮಾಡಿಕೊಂಡು ಗೇಟಿನೊಳಗೆ ಹೊರಟ. ಅವನ ಬೆನ್ನು ನೆಟ್ಟಗಾಗಿತ್ತು. ಅವಳಿಗೆ ಆ ಬೆನ್ನು ಗೊತ್ತಿತ್ತು. ಒಳಗೆ ಕನ್ನಡಕದ ಹುಡುಗಿ ಕಾಗದ ಕಟ್ಟುತ್ತಿರುತ್ತಾಳೆ. ಹಾರ್ನಕ್ಕ ಓಡಿ ಹೋಗಿ ಗಂಡನ ಅಂಗಿಯ ಕಾಲರನ್ನು ಹಿಂದಿನಿಂದ ಹಿಡಿದಳು. ಒಂದು ಗುಂಡಿ ಕಿತ್ತು ನೆಲದ ಮೇಲೆ ಉರುಳಿಕೊಂಡು ಹೋಯಿತು.

"ಬಿಡು ನನ್ನ!"

"ಅವತ್ತು ಯಾರೂ ನನ್ನ ಓಡಿಸಲಿಲ್ಲ ಕಣ್ರೀ," ಎಂದಳು. "ನಾನೇ ಅರ್ಧ ಗಂಟೆಗೆ ಎದ್ದು ಬಂದೆ."

"ಇವತ್ತು ಓಡಿಸಿದ್ರಲ್ಲ!"

"ಇವತ್ತಲ್ಲ. ಅವತ್ತು. ಹದಿನೈದು ವರ್ಷದವಳಿದ್ದಾಗ. ಮೇಷ್ಟ್ರು ಏನೂ ಮಾಡಲಿಲ್ಲ. ಒಳ್ಳೇ ಮಾತು ಹೇಳಿದ್ರು. ಸುಳ್ಳು ಹೇಳಿದ್ದು ನಾನು, ಅಪ್ಪನ ಹತ್ರ. ಎಲ್ಲರ ಹತ್ರ. ಅವರಿಗೆ ಮೀಸೆನೂ ಇರಲಿಲ್ಲ."

ಯಾಕೋ ಕೊನೆಯ ಮಾತೇ ಅವರಿಬ್ಬರಿಗೂ ತಾಗಿದ್ದು. ಗಂಡನ ಮುಷ್ಟಿ ಬಿಚ್ಚಿಕೊಂಡಿತು. ಗಾರೆಯವರು ಇದು ಮನೆಯ ಮಾತೆಂದು ಅರ್ಥಮಾಡಿಕೊಂಡು, ಗೇಟಿನ ಕಂಬ ನೆಟ್ಟಗಿದೆಯೇ ಎಂದು ಪರೀಕ್ಷಿಸುತ್ತ ದೂರ ಸರಿದರು. ಮಗಳು ಗಡಿಯಾರವನ್ನು ಕೈಯಿಂದ ಕೈಗೆ ಬದಲಾಯಿಸುತ್ತ, "ನಾನು ಭಾಷಣ ಮಾಡಿದೆ," ಎಂದಳು. "ನಾನೂರು ಜನರ ಮುಂದೆ. ಮೂರು ಜನ ಟೀಚರು ಅತ್ತರು." ಆಮೇಲೆ ಬಸ್ ಸ್ಟಾಪಿನ ಕಡೆ ನಡೆದಳು. ಅವಳ ಹಿಂದೆ ಗಂಡ, ಗಂಡನ ಹಿಂದೆ ಅವಳು. ಮೂವರೂ ಬಸ್ಸು ಹತ್ತಿದರು. ಕೊನೆಯ ಉದ್ದನೆಯ ಸೀಟು ಖಾಲಿಯಿತ್ತು. ಮಗಳು ಕಿಟಕಿಗೆ ಮುಖ ಮಾಡಿ ಕೂತಳು. ಹಾರ್ನಕ್ಕನ ಮೈ ಎಷ್ಟು ಹಗುರಾಗಿತ್ತೆಂದರೆ ಬಸ್ಸು ಗುಂಡಿಗೆ ಬಿದ್ದಾಗ ಉಳಿದವರಿಗಿಂತ ತಾನು ಒಂದು ಗೇಣು ಮೇಲೆ ಹೋಗಿ ಬಂದೆ ಅನ್ನಿಸಿತು.

"ಅಪ್ಪನ ಕತೆ ಹಾಳು ಮಾಡಿದೆ," ಎಂದಳು, ಯಾರಿಗೂ ಅಲ್ಲ ಎಂಬಂತೆ. "ಅದೊಂದೇ ಇದ್ದದ್ದು ಅಪ್ಪನಿಗೆ."

ಗಂಡ ಯಾವುದನ್ನೇ ಆದರೂ ಪೂರ್ತಿ ಬಿಚ್ಚಿ ನೋಡಿಯೇ ಮಾತಾಡುವವನು. "ಮಾವನವರು ಹೋಗಿ ಕೂಗಾಡಿದ್ದು ನಿಜ ತಾನೆ?" ಎಂದ.

"ನಿಜ. ನಾನಿದ್ದೆನಲ್ಲ."

"ಕಾಲು ನಡುಗ್ತಿತ್ತಾ ಅವರಿಗೆ?"

"ನಡುಗ್ತಿತ್ತು. ಮೊಣಕೈನೂ."

"ಹಾಗಾದ್ರೆ ಧೈರ್ಯ ಸುಳ್ಳಲ್ಲವಲ್ಲ," ಎಂದ ಗಂಡ. "ಮೇಷ್ಟ್ರದ್ದು ಬೇರೆ ಲೆಕ್ಕ. ಅದನ್ನ ನೀನೇ ಮಾಡಬೇಕು. ಪೆನ್ಶನ್ ಆಫೀಸಲ್ಲಿ ಕೇಳಿದ್ರೆ ವಿಳಾಸ ಸಿಗುತ್ತೆ. ನಾಳೆ ನಿನ್ನ ಪಾಳಿ ಮುಗಿದ ಮೇಲೆ ಹೋಗೋಣ."

"ಬಯ್ದರೆ?"

"ಬಯ್ಯಲಿ. ನಾನು ಗಡಿಯಾರ ಬಿಚ್ಚಲ್ಲ."

ಮಗಳ ಭುಜ ಒಂದು ಸಲ ಕುಲುಕಿತು. ಅಳುವೋ ನಗುವೋ ಹಿಂದಿನಿಂದ ಗೊತ್ತಾಗಲಿಲ್ಲ. ಆಮೇಲೆ ಅವಳು ಮುಖ ತಿರುಗಿಸದೆಯೇ ಕೇಳಿದಳು, "ಅರ್ಧ ಗಂಟೆಗೇ ಎದ್ದು ಬಂದೆ ಅಂತೀಯಲ್ಲ. ಅಜ್ಜಿ ಹೇಳೋ ಪ್ರಕಾರ ಮನೆಗೆ ಬಂದಿದ್ದು ಸಾಯಂಕಾಲ. ಅಲ್ಲಿವರೆಗೂ ಎಲ್ಲಿದ್ದೆ?"

ಈ ಪ್ರಶ್ನೆಯನ್ನು ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಕೇಳಿರಲಿಲ್ಲ. ಅಪ್ಪನ ಸಿಟ್ಟಿನಲ್ಲಿ, ಅಮ್ಮನ ಶಾಪದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಹೇಳಬೇಕಾದ್ದರಲ್ಲೆಲ್ಲ ಕಷ್ಟದ್ದು ಇದೇ ಎಂದು ಅವಳಿಗೆ ಆಗ ಗೊತ್ತಾಯಿತು. ಎದ್ದು ಬಂದದ್ದಲ್ಲ, ಸುಳ್ಳು ಹೇಳಿದ್ದೂ ಅಲ್ಲ.

"ಬಸ್ಸಲ್ಲಿ," ಎಂದಳು. "ಎದುರಿಗೆ ಯಾವುದೋ ಬಸ್ಸು ಬಂತು, ಹತ್ತಿದೆ. ಮುಂದಿನ ಸೀಟು ಸಿಕ್ತು, ದೊಡ್ಡ ಗಾಜಿನ ಹತ್ರ. ಕೊನೇ ಸ್ಟಾಪಿನ ತನಕ ಹೋದೆ. ಇಳೀಲಿಲ್ಲ. ವಾಪಸ್ ಬಂದೆ. ಮತ್ತೆ ಹೋದೆ. ರಸ್ತೆ ಎಲ್ಲ ನನ್ನ ಕಡೆಗೇ ಓಡಿಬರ್ತಿತ್ತು. ಡ್ರೈವರು ಅಷ್ಟು ದೊಡ್ಡ ಚಕ್ರ ಹೀಗೆ ತಿರುಗಿಸಿದ್ರೆ ಇಡೀ ಊರು ಈ ಕಡೆ ತಿರುಗ್ತಿತ್ತು, ಹೀಗೆ ತಿರುಗಿಸಿದ್ರೆ ಆ ಕಡೆ. ಐದು ಸಲ ಹೋಗಿ ಬಂದೆ. ನಂಗೆ ಅಳು ಬರಲೇ ಇಲ್ಲ ಕಣೇ. ಅಷ್ಟು ಖುಷಿಯಾಗಿ ಅಲ್ಲಿತನಕ ನಾನು ಒಂದು ದಿನಾನೂ ಇರಲಿಲ್ಲ. ಮನೆಗೆ ಹೋದಾಗ ಕಣ್ಣು ಹೊಳೀತಿತ್ತು. ಅಪ್ಪ ಬಾಗಿಲಲ್ಲೇ ನೋಡಿ, 'ಯಾಕಮ್ಮ ಕಣ್ಣು ಹಾಗಿದೆ, ಅತ್ತೆಯಾ?' ಅಂದರು. ಖುಷಿ ಅಂತ ಹೇಳೋಕೆ ಆಗುತ್ತಾ? ಹೌದು ಅಂದೆ. ಯಾಕೆ ಅಂದರು. ಬಾಯಿಗೆ ಬಂದದ್ದು ಹೇಳಿದೆ."

ಮಗಳು ಈಗ ಪೂರ್ತಿ ಈ ಕಡೆ ತಿರುಗಿದ್ದಳು. ತಾಯಿಯ ಮುಖವನ್ನು, ಯಾವುದೋ ಸ್ಟಾಪಿನಲ್ಲಿ ಹತ್ತಿ ಬಂದ ಪರಿಚಯವಿಲ್ಲದ ಹುಡುಗಿಯ ಮುಖವನ್ನು ನೋಡುವಂತೆ ನೋಡುತ್ತಿದ್ದಳು. ಸಿಟ್ಟು ಹೋಗಿರಲಿಲ್ಲ, ಹುಬ್ಬಿನ ಗಂಟು ಹಾಗೇ ಇತ್ತು. ಆದರೂ ಅವಳು ಕೈ ಚಾಚಿ ತಾಯಿಯ ತೊಡೆಯ ಮೇಲಿದ್ದ ಡಬ್ಬಿ ಜಾರಿ ಬೀಳದಂತೆ ಹಿಡಿದುಕೊಂಡಳು.

"ಅಲ್ಲಾ," ಎಂದ ಗಂಡ ಇದ್ದಕ್ಕಿದ್ದಂತೆ, "ಪರೀಕ್ಷೆ ಹೇಗಾಯ್ತು? ಅದನ್ನೇ ಕೇಳಲಿಲ್ಲವಲ್ಲ ನಾವು!"

ಬಸ್ಸು ತಿರುವಿನಲ್ಲಿ ವಾಲಿತು, ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಬೆಳಗಿನಿಂದ ಹಿಡಿದಿಟ್ಟ ನಗುವೆಲ್ಲ ಒಟ್ಟಿಗೆ ಹೊರಟುಬಂತು. ಮುಂದೆ ಕೂತವರು ತಿರುಗಿ ನೋಡುತ್ತಿದ್ದರು, ನೋಡಲಿ. ಅವಳಿಗೆ ಉಸಿರು ಸಿಗಲು ಸ್ವಲ್ಪ ಹೊತ್ತು ಬೇಕಾಯಿತು.

"ಗೊತ್ತಿಲ್ಲ," ಎಂದಳು. "ಬಹಳ ಕಷ್ಟ ಇತ್ತು. ಆದರೆ ಕೊನೇ ನಿಮಿಷದ ತನಕ ಕೂತಿದ್ದೆ." ಯಾರಿಗೋ ಸರಿಯಾಗಿ ಕೇಳಿಸಲಿಲ್ಲವೇನೋ ಎಂಬಂತೆ ಇನ್ನೊಂದು ಸಲ, ಗಟ್ಟಿಯಾಗಿ ಹೇಳಿದಳು, "ಕೂತಿದ್ದೆ ಕಣ್ರೀ. ಎಲ್ಲರೂ ಎದ್ದು ಹೋದ ಮೇಲೂ."